ನೆಂಟರಿಲ್ಲದ ದ್ವೀಪ

ಅವರು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲಿ ಬಂತು. ಬರಬೇಕಾದ್ದೂ ಹಾಗೇ. ಕಡೂರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ಗಂಡು ಒಪ್ಪಿತು, ಅರಸೀಕೆರೆಯಲ್ಲಿ ಕೊಬ್ಬರಿ ಏರಿತೋ ಇಳಿಯಿತೋ, ಎಲ್ಲ ಒಂದು ಕಾಲಕ್ಕೆ ಅವರನ್ನು ದಾಟಿಕೊಂಡೇ ಊರೊಳಗೆ ಬರುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಹೆಸರು ಹೇಳುವುದಿಲ್ಲ. ಹೇಳಿದರೂ ಕಡೂರಿನ ಹಳಬರಿಗೆ ಗುರುತು ಹತ್ತುವುದು ಕಷ್ಟ. ಅವರಿಗೆಲ್ಲ ಗೊತ್ತಿದ್ದದ್ದು ಆ ಧ್ವನಿ ಮಾತ್ರ. ನನಗೆ ಅವರು ಅಕ್ಕ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಕೆಲಸಕ್ಕೆ ಸೇರಿದೆ. ಅಜ್ಜಂಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದೆ, ಅದು ತಡವಾದರೆ ನಾನೂ ತಡ. ಮೊದಲ ದಿನ ಅಕ್ಕ ನನ್ನ ತಲೆಗೆ ಹೆಡ್‌ಸೆಟ್ ಹಾಕಿ, ಅದರ ಪಟ್ಟಿಗೆ ಸಿಕ್ಕಿಕೊಂಡ ಕೂದಲನ್ನು ಬಿಡಿಸಿ, "ನೋಡು ಕಣೇ, ಎರಡು ಮಾತು ನೆನಪಿಟ್ಕೋ. ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗು. ಇನ್ನೊಂದು, ಸಾಹುಕಾರ್ರು ಬೈತಾರೆ. ಅದು ನಿನಗಲ್ಲ, ಲೈನಿಗೆ ಅಂದ್ಕೋ" ಅಂದರು. ಅಷ್ಟೇ ನನಗೆ ಸಿಕ್ಕಿದ ಟ್ರೈನಿಂಗು. ಇಲಾಖೆಯವರು ಮೈಸೂರಿಗೆ ಕರೆಸಿ ಕಲಿಸಿದ್ದೆಲ್ಲ ಮರೆತುಹೋಗಿದೆ.

ಈಗಿನವರಿಗೆ ಆ ಬೋರ್ಡು ಗೊತ್ತಿರಲಿಕ್ಕಿಲ್ಲ. ಊರಿನ ಫೋನುಗಳೆಲ್ಲ ಒಂದು ಮರದ ಬೀರುವಿನಂಥದ್ದಕ್ಕೆ ಬಂದು ಸೇರುತ್ತಿದ್ದವು. ಯಾರಾದರೂ ಫೋನೆತ್ತಿದರೆ ಅವರ ನಂಬರಿನ ಮೇಲಿದ್ದ ಸಣ್ಣ ಬಿಲ್ಲೆ ಟಪ್ಪನೆ ಬೀಳುತ್ತಿತ್ತು. ನಾವು ವೈರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ಕೇಳಿದವರಿಗೆ ಲೈನು ಕೊಡಬೇಕು. ಬೆಂಗಳೂರಿಗೋ ತಿಪಟೂರಿಗೋ ಮಾತಾಡುವವರು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಕಾಯುವುದನ್ನು ನಮ್ಮ ಜನ ಎಂದೂ ಸುಮ್ಮನೆ ಮಾಡಿದವರಲ್ಲ. ನಿಮಿಷಕ್ಕೊಮ್ಮೆ ಬಿಲ್ಲೆ ಬೀಳಿಸಿ, "ಏನಮ್ಮಾ, ನಿದ್ದೆ ಮಾಡ್ತಿದ್ದೀಯಾ?" ಅಂತ ಕೇಳುತ್ತಿದ್ದರು. ಕೊಬ್ಬರಿ ಮಂಡಿಯ ಸಾಹುಕಾರರಂತೂ ತಿಪಟೂರು ದೂರ ಇದೆ ಅಂತ ಅಷ್ಟಕ್ಕೆ ತಕ್ಕ ಹಾಗೆ ಕೂಗುತ್ತಿದ್ದರು. ಅಕ್ಕ ನಡುವೆ ಬಾಯಿ ಹಾಕಿ, "ಸ್ವಾಮಿ, ಇಷ್ಟು ಜೋರಾಗಿ ಕೂಗೋದಾದ್ರೆ ಫೋನ್ ಯಾಕೆ? ಬಸ್‌ಸ್ಟ್ಯಾಂಡಲ್ಲಿ ನಿಂತು ಕೂಗಿ, ಹಾಗೇ ಕೇಳುತ್ತೆ" ಅನ್ನುತ್ತಿದ್ದರು. ಅವರು ಒಂದು ದಿನ ಮೆಲ್ಲಗೆ ಮಾತಾಡಿ ಮರುದಿನ ಮತ್ತೆ ಕೂಗುತ್ತಿದ್ದರು.

ಡ್ಯೂಟಿ ಮುಗಿದರೂ ಅಕ್ಕನಿಗೆ ಬಿಡುಗಡೆ ಇರಲಿಲ್ಲ. ಅವರ ಮನೆ ಎಕ್ಸ್‌ಚೇಂಜಿನ ಹಿಂದಿನ ಓಣಿಯಲ್ಲೇ. ತಂದೆ ಅಂಚೆ ಇಲಾಖೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಆ ಅನುಕಂಪಕ್ಕೆ ಸಿಕ್ಕಿದ ಕೆಲಸ ಇದು. ಮನೆಯಲ್ಲಿ ತಾಯಿ, ತಮ್ಮ, ತಮ್ಮನ ಹೆಂಡತಿ, ಮಕ್ಕಳು. ತಮ್ಮ ಸೈಕಲ್ ಶಾಪ್ ಇಟ್ಟ, ಆಗಲಿಲ್ಲ. ಆಮೇಲೆ ಸೀಮೆಎಣ್ಣೆ ಏಜೆನ್ಸಿ, ಅದೂ ಆಗಲಿಲ್ಲ. ಒಳ್ಳೆಯವನೇ, ಆದರೆ ಅವನು ಕೈ ಹಾಕಿದ್ದು ಯಾವುದೂ ಉದ್ಧಾರವಾಗುತ್ತಿರಲಿಲ್ಲ. ಆ ಮನೆ ನಡೆಯುತ್ತಿದ್ದದ್ದು ಅಕ್ಕನಿಂದ, ಆ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೂ ಅಕ್ಕನನ್ನೇ. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದರೆ ಅಕ್ಕಾ. ಮಗು ಬಿದ್ದರೆ ಅಕ್ಕಾ. ಸಾಲದ್ದಕ್ಕೆ ಬೀದಿಯವರು ಜಗಲಿಗೆ ಬಂದು, "ಅಕ್ಕೋರೆ, ನಾಳೆ ಬೆಳಿಗ್ಗೆ ನಮ್ಮ ಬಾಮೈದನಿಗೆ ಒಂದು ಲೈನ್ ಬೇಗ ಹಾಕ್ಸಿಕೊಡಿ" ಅಂತ ಶಿಫಾರಸಿಗೆ ಕೂರುತ್ತಿದ್ದರು. "ನನ್ನನ್ನ ಯಾರೂ ಕರೀದೇ ಇರೋದು ಅಂದ್ರೆ ನಿದ್ದೆಯಲ್ಲಿ ಮಾತ್ರ ಕಣೇ. ಅಲ್ಲೂ ಒಂದೊಂದ್ಸಲ ಬಿಲ್ಲೆ ಬೀಳುತ್ತೆ" ಅಂತ ಒಮ್ಮೆ ಹೇಳಿದ್ದರು. ನಾನು ನಕ್ಕಿದ್ದೆ. ಅವರು ನಗಲಿಲ್ಲ.

ಇಂಥವರ ಬಾಳಿಗೆ ವೆಸ್ಟ್ ಇಂಡೀಸ್ ಬಂದದ್ದು ಬೋಂಡದ ಜೊತೆಗೆ.

ಸಂಜೆ ನಮ್ಮ ಲೈನ್‌ಮನ್ ತಂದ ಬೋಂಡಾ ಒಂದು ಬಣ್ಣದ ಹಾಳೆಯಲ್ಲಿತ್ತು. ಯಾವುದೋ ಫಾರಿನ್ ಮ್ಯಾಗಝೀನಿನ ಹಾಳೆ. ಚಿಕ್ಕಮಗಳೂರು ಕಡೆಯ ಎಸ್ಟೇಟುಗಳಿಂದ ಹಳೇ ಪೇಪರು ಕಡೂರಿಗೆ ಬರುತ್ತಿತ್ತು, ಹಾಗೆ ಬಂದದ್ದಿರಬೇಕು. ಎಣ್ಣೆ ಹೀರಿಕೊಂಡಿದ್ದರೂ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ನೀಲಿ ನೀರೊಳಗೆ ಒಬ್ಬ ಹೆಂಗಸು, ಮುಖಕ್ಕೆ ಗಾಜಿನ ಮುಸುಕು, ಬೆನ್ನಿಗೆ ಸಿಲಿಂಡರು, ಸುತ್ತ ಹಳದಿ ಮೀನು. ಅಕ್ಕ ಬೋಂಡಾ ಮೇಜಿನ ಮೇಲೆ ಸುರಿದು ಹಾಳೆಯನ್ನು ಬೆಳಕಿಗೆ ಹಿಡಿದರು. ಕೆಳಗಿನ ಇಂಗ್ಲಿಷನ್ನು ನಿಧಾನವಾಗಿ ಓದಿದರು.

"ಒಂದು ಗಂಟೆ ನೀರೊಳಗೇ ಇರಬಹುದಂತೆ ಕಣೇ."

"ಯಾರು?"

"ಯಾರಾದ್ರೂ."

ಸಿಂಗಟಗೆರೆ ಅವರ ಅಜ್ಜಿಯ ಊರು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಲ್ಲಿಯ ಕೆರೆಯಲ್ಲಿ ಈಜು ಕಲಿತಿದ್ದರಂತೆ. ದೊಡ್ಡವಳಾದ ಮೇಲೆ ನೀರಿಗೆ ಇಳಿಯುವುದು ನಿಂತಿತು. ಅವತ್ತೇ ಇದನ್ನು ನನಗೆ ಹೇಳಿದ್ದು. ಮರುದಿನ ಹಳೇ ಪೇಪರ್ ಅಂಗಡಿಗೆ ಹೋಗಿ ಆ ಮ್ಯಾಗಝೀನಿನ ಉಳಿದ ಭಾಗವನ್ನೂ ಅದರ ಅಣ್ಣತಮ್ಮಂದಿರನ್ನೂ ಕೊಂಡು ತಂದರು. ಹಿಂದಿನ ಪುಟಗಳಲ್ಲಿ ವೆಸ್ಟ್ ಇಂಡೀಸಿನ ದ್ವೀಪಗಳ ಜಾಹೀರಾತುಗಳು: ನಮ್ಮ ದ್ವೀಪಕ್ಕೆ ಬನ್ನಿ, ನೀರಿಗೆ ಇಳಿಯುವುದನ್ನು ಕಲಿಸುತ್ತೇವೆ, ವಿಳಾಸ ಬರೆದು ಕಳಿಸಿದರೆ ಪುಸ್ತಿಕೆ ಕಳಿಸುತ್ತೇವೆ. ಅಕ್ಕ ಬರೆದೇ ಬರೆದರು. ನಾವು ಮರೆತಿದ್ದಾಗ ಒಂದೊಂದೇ ಪುಸ್ತಿಕೆ ಬಂದವು. ಅಂಚೆಯವರು ಅದರ ಸ್ಟಾಂಪು ನೋಡಲು ನಮ್ಮ ರೂಮಿಗೇ ಬರುತ್ತಿದ್ದರು.

ಆ ಊರುಗಳ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ನಾವೇ ಹೆಸರಿಟ್ಟೆವು. ಒಂದು ಗದ್ದಲದ್ದು, ಒಂದು ಗಾಳಿಯದು, ಒಂದು ಸಣ್ಣದು. ಗದ್ದಲದ್ದರಲ್ಲಿ ಸಂಜೆಯಾದರೆ ಡ್ರಮ್ಮು, ಕುಣಿತ, ಹೂವಿನ ಅಂಗಿಯವರ ಗುಂಪು. "ಇದಕ್ಕೆ ನಮ್ಮ ಬಸ್‌ಸ್ಟ್ಯಾಂಡೇ ಸಾಕು" ಅಂತ ಅಕ್ಕ ಅದನ್ನು ಮೊದಲೇ ಕೈಬಿಟ್ಟರು. ಗಾಳಿಯದರಲ್ಲಿ ನೀರಿನ ಸೆಳೆತ ಜಾಸ್ತಿ, ಪಳಗಿದವರಿಗೆ ಮಾತ್ರ, ಅದೂ ದೋಣಿಯಲ್ಲಿ ದೂರ ಹೋಗಬೇಕು. ಸಣ್ಣದರಲ್ಲಿ ಇದ್ದದ್ದೇ ನಾಲ್ಕಾರು ರೂಮು. ಮೆಟ್ಟಿಲು ಇಳಿದರೆ ನೀರು, ನೀರೊಳಗೆ ಹತ್ತು ಮಾರು ಹೋದರೆ ಹವಳದ ಗುಡ್ಡೆ. ಮಾಲೀಕರು ವಯಸ್ಸಾದ ಗಂಡ ಹೆಂಡತಿ. ರೂಮಿನಲ್ಲಿ ರೇಡಿಯೋ ಇಲ್ಲ. ಇಡೀ ಜಾಗದಲ್ಲಿ ಎಲ್ಲೂ ಟೆಲಿಫೋನ್ ಇಲ್ಲ, ಅದನ್ನು ಅವರು ದೊಡ್ಡ ಅಕ್ಷರದಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರು. ಅಕ್ಕ ಆ ಸಾಲನ್ನು ನನಗೆ ಎಷ್ಟು ಸಲ ಓದಿ ಹೇಳಿದರೋ.

ಡ್ಯೂಟಿ ಸಡಿಲವಾದ ಮಧ್ಯಾಹ್ನಗಳಲ್ಲಿ ನಮ್ಮದು ಇದೇ ಚರ್ಚೆ. ಲೈನ್‌ಮನ್ ಕೂಡ ಸೇರಿಕೊಳ್ಳುತ್ತಿದ್ದ. ಹಿರೇನಲ್ಲೂರಿನ ಕಡೆಯವನು, ಕಂಬ ಹತ್ತಿದರೆ ಇಳಿಯುವ ಆತುರ ಇಲ್ಲದವನು.

"ಅಕ್ಕೋರೆ, ಅಲ್ಲಿ ಊಟಕ್ಕೆ ಏನ್ ಮಾಡ್ತೀರಿ? ಮೀನ್ ಬಿಟ್ರೆ ಬ್ಯಾರೆ ಸಿಕ್ಕಾಕಿಲ್ಲ."

"ಅನ್ನ ಇರುತ್ತಂತೆ ಕಣೋ. ತೆಂಗಿನಕಾಯಿ ಇರುತ್ತೆ. ಕಡೂರಿನೋಳಿಗೆ ಇನ್ನೇನು ಬೇಕು?"

"ಮತ್ತೆ ಇಷ್ಟ್ ದೂರ ಯಾಕೆ? ಮಂಗಳೂರಲ್ಲಿ ಸಮುದ್ರ ಐತಲ್ಲ. ಬೆಳಿಗ್ಗೆ ಬಸ್ ಹತ್ತಿದ್ರೆ ಆಯ್ತು."

ಅಕ್ಕ ಅವನನ್ನು ಏನೂ ತಿಳಿಯದವನು ಎಂಬಂತೆ ನೋಡಿದರು. "ಮಂಗಳೂರಲ್ಲಿ ನಮ್ಮ ದೊಡ್ಡಪ್ಪನ ಮಗಳಿದ್ದಾಳೆ" ಅಂದರು.

ಇದಕ್ಕೆ ವಿವರಣೆ ಬೇಡ, ಆದರೂ ಕೊಡುತ್ತೇನೆ. ನಮ್ಮ ಕಡೆ ಯಾವ ಊರಿಗೆ ಹೋದರೂ ಅಲ್ಲಿ ನೆಂಟರಿದ್ದರೆ ಅವರ ಮನೆಯಲ್ಲೇ ಇಳಿಯಬೇಕು. ಲಾಡ್ಜಿಗೆ ಹೋದರೆ ಅವರ ಮಾನ ಹೋಯಿತು, ನಮ್ಮದೂ ಹೋಯಿತು, ಮೂರು ಮದುವೆಯವರೆಗೆ ಅದೇ ಮಾತು. ಇಳಿದ ಮೇಲೆ ಸುಮ್ಮನೆ ಕೂರುವ ಹಾಗಿಲ್ಲ. ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗಬೇಕು, ಬಾಣಂತಿಯಿದ್ದರೆ ಮಗುವಿಗೆ ನೀರು ಹಾಕಬೇಕು, ಊರಿನ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಅಕ್ಕನಿಗೆ ಬೆಂಗಳೂರಿನಲ್ಲಿ ಚಿಕ್ಕಮ್ಮ, ಬೊಂಬಾಯಿಯಲ್ಲಿ ಸೋದರಮಾವ, ಮದರಾಸಿನಲ್ಲಿ ತಮ್ಮನ ಹೆಂಡತಿಯ ಅಣ್ಣ. ಇಡೀ ಇಂಡಿಯಾವನ್ನು ಹೀಗೆ ಬೆರಳು ಮಡಚಿ ಮಡಚಿ ಮುಗಿಸಿಬಿಟ್ಟರು. "ನೆಂಟರಿಲ್ಲದ ಜಾಗ ಅಂತ ಹುಡುಕ್ತಾ ಹೋದ್ರೆ ಅಲ್ಲೀವರೆಗೆ ಹೋಗ್ಬೇಕಾಯ್ತು ಕಣೇ, ನಾನೇನ್ಮಾಡ್ಲಿ."

ಸಣ್ಣದು ಗೆದ್ದಿತು ಅಂದುಕೊಂಡಿದ್ದಾಗ ಪುಸ್ತಿಕೆಯ ಕೊನೆಯಲ್ಲಿ ಒಂದು ನಿಯಮ ಸಿಕ್ಕಿತು. ಯಾರೂ ಒಬ್ಬರೇ ನೀರಿಗೆ ಇಳಿಯುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಅಕ್ಕನಿಗೆ ನಿಜವಾಗಿಯೂ ಸಿಟ್ಟು ಬಂತು. "ಅಲ್ಲೂ ಜೊತೆಗೊಬ್ಬರಂತೆ! ಸಮುದ್ರದ ತಳಕ್ಕೆ ಹೋದ್ರೂ ಬಿಡಲ್ಲ ನೋಡು." ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ತಾವೇ ಸಮಾಧಾನ ಮಾಡಿಕೊಂಡು ಬಂದರು. "ಯೋಚನೆ ಮಾಡ್ದೆ. ನೀರೊಳಗೆ ಮಾತಾಡೋಕಾಗಲ್ಲ ಅಲ್ವಾ? ಕೈಸನ್ನೆ ಅಷ್ಟೇ. ಪರವಾಗಿಲ್ಲ. ನೀನೇ ಬಾ."

"ನಂಗೆ ಈಜು ಬರಲ್ಲ ಅಕ್ಕಾ."

"ಕಲಿ."

ಅವರಿಗೆ ಹುಚ್ಚು ಹಿಡಿದಿರಲಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ, "ಹೋಗೋಕಾಗಲ್ಲ ಅಂತ ಗೊತ್ತಿದ್ದೂ ಯಾಕಕ್ಕಾ ಇಷ್ಟು ತಲೆ ಕೆಡಿಸ್ಕೊಳ್ತೀರಾ?" ಅಂತ ಕೇಳಿದೆ. ಬೋರ್ಡಿನ ಮೇಲೆ ಬಿಲ್ಲೆ ಬಿದ್ದಿತ್ತು. ಅದನ್ನು ಎತ್ತಿ, ಯಾರಿಗೋ ಲೈನು ಕೊಟ್ಟು, ಆಮೇಲೆ ಹೇಳಿದರು. "ಹೋಗೋದು ಬೇರೆ, ಆರಿಸೋದು ಬೇರೆ. ಈ ಕೆಲಸ ನಾನು ಆರಿಸಿದ್ದಲ್ಲ. ಮನೆ ನಾನು ಆರಿಸಿದ್ದಲ್ಲ. ಹಬ್ಬಕ್ಕೆ ಸೀರೆನೂ ಅಮ್ಮನೇ ತರ್ತಾಳೆ. ಇದು ಬೇಕು, ಅದು ಬೇಡ ಅಂತ ಕೂತ್ಕೊಂಡು ಹೇಳಿದ್ದು ಇದೊಂದಕ್ಕೇ ಕಣೇ." ನಾನು ಆ ವಯಸ್ಸಿನಲ್ಲಿ ಪ್ರತಿ ಸಂಜೆ ಅಜ್ಜಂಪುರದ ಗಾಡಿಗೆ ಕಾಯುತ್ತ ನನ್ನ ಕಷ್ಟವೇ ದೊಡ್ಡದು ಅಂದುಕೊಂಡಿದ್ದವಳು.

ಆದರೆ ಕಡೂರಿನಲ್ಲಿ ಫಾರಿನ್ ಕಾಗದ ಎಷ್ಟು ದಿನ ಮುಚ್ಚಿಡಲು ಸಾಧ್ಯ? ಅಕ್ಕ ಯಾರೋ ಬಿಳಿಯನನ್ನು ಮದುವೆಯಾಗುತ್ತಾರಂತೆ ಅಂತ ಮೊದಲು ಹಬ್ಬಿತು. ತಮ್ಮ ಎಕ್ಸ್‌ಚೇಂಜಿನ ಬಾಗಿಲಲ್ಲಿ ಬಂದು ನಿಂತ. ಅಕ್ಕ ಪುಸ್ತಿಕೆ ತೆಗೆದು ಅವನ ಕೈಗೇ ಕೊಟ್ಟರು. ಅವನು ತಿರುವಿ ನೋಡಿ ನಿಟ್ಟುಸಿರುಬಿಟ್ಟ. "ಅಯ್ಯೋ, ಸಮುದ್ರ ನೋಡ್ಬೇಕು ಅಂದ್ರೆ ಬಾಯಿಬಿಟ್ಟು ಹೇಳ್ಬಾರ್ದೇನೇ ಅಕ್ಕಾ" ಅಂದ. ನಮ್ಮ ಇಲಾಖೆಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ದೇಶದೊಳಗೆ ಎಲ್ಲಿಗಾದರೂ ಹೋಗಿಬರಲು ಮನೆಯವರಿಗೂ ಸೇರಿಸಿ ರೈಲು ಚಾರ್ಜು ಕೊಡುತ್ತಿದ್ದರು. ಅದನ್ನು ಅಕ್ಕ ಎಂದೂ ಬಳಸಿರಲಿಲ್ಲ. ಅಂಡಮಾನಿಗೆ ಹಡಗು ಇದೆ, ಅಲ್ಲಿ ನಿಮಗೆ ನೆಂಟರಿಲ್ಲ ಅಂತ ನಾನೇ ತಲೆಗೆ ತುಂಬಿದೆ. ಅಕ್ಕನ ಮುಖ ಅರಳಿತು. ವಾರ ಪೂರ್ತಿ ಬೋರ್ಡಿನ ಮುಂದೆ ಗುನುಗುತ್ತಿದ್ದರು.

ಮನೆಯಲ್ಲಿ ತಾಯಿ ಒಂದೇ ಮಾತಿನಲ್ಲಿ ಮುಗಿಸಿದರು. "ಕಳ್ಳಕಾಕರನ್ನ ಕಳಿಸ್ತಿದ್ದ ಊರಿಗೆ ಹೋಗೋಕೆ ನಮಗೇನು ಗ್ರಹಚಾರ? ರಾಮೇಶ್ವರಕ್ಕೆ ಹೋಗಣ. ನಿಮ್ಮಪ್ಪನಿಗೂ ಒಂದು ತರ್ಪಣ ಆಗುತ್ತೆ. ಅದೂ ದ್ವೀಪವೇ ಅಂತೆ, ಸುತ್ತ ನೀರೇ ಅಂತೆ." ಸುತ್ತ ನೀರು ಇದ್ದದ್ದು ನಿಜ.

ಎಲ್ಲರೂ ಹೊರಟರು. ಪುಳಿಯೋಗರೆ ಗೊಜ್ಜು, ಪಂಪ್ ಸ್ಟೋವು, ಮಗುವಿನ ತೊಟ್ಟಿಲ ಬಟ್ಟೆ. ಮದರಾಸಿನಲ್ಲಿ ತಮ್ಮನ ಹೆಂಡತಿಯ ಅಣ್ಣನ ಮನೆಯಲ್ಲಿ ಇಳಿದದ್ದೂ ಆಯಿತು, ಅಕ್ಕ ಅಲ್ಲಿ ಮೂರು ಹೊತ್ತು ಚಪಾತಿ ಲಟ್ಟಿಸಿದ್ದೂ ಆಯಿತು. ರಾಮೇಶ್ವರದ ಛತ್ರದಲ್ಲಿ ಅಕ್ಕ ಬಿಸಿನೀರಿಗಾಗಿ ಯಾರನ್ನೋ ಕೂಗಿದರಂತೆ. ಪಕ್ಕದ ರೂಮಿನಿಂದ ಒಬ್ಬರು ಟವೆಲ್ಲಿನಲ್ಲೇ ಓಡಿಬಂದು, "ಕಡೂರು ಎಕ್ಸ್‌ಚೇಂಜ್ ಅಲ್ವೇನ್ರೀ?" ಅಂದರಂತೆ. ನಮ್ಮ ಮಂಡಿಯ ಸಾಹುಕಾರರು! ಮುಖ ನೋಡಿದವರಲ್ಲ, ಧ್ವನಿಯಲ್ಲೇ ಹಿಡಿದರು. "ದೇವರು ಕಂಡಂಗಾಯ್ತು ಕಣಮ್ಮ. ಇಲ್ಲಿ ಪೋಸ್ಟಾಫೀಸಲ್ಲಿ ಒಬ್ಬನಿಗೂ ಕನ್ನಡ ಬರಲ್ಲ. ತಿಪಟೂರಿಗೆ ಒಂದು ಅರ್ಜೆಂಟ್ ಹಾಕ್ಸಿಕೊಡು." ಅಕ್ಕ ರಾಮೇಶ್ವರಕ್ಕೆ ಹೋದ ಮೊದಲ ಬೆಳಿಗ್ಗೆ ಅಲ್ಲಿಯ ಅಂಚೆ ಕಚೇರಿಯಲ್ಲಿ ನಿಂತು ಟ್ರಂಕ್ ಕಾಲ್ ಹಾಕಿಸಿದರು. ಇದನ್ನು ಅವರು ನನಗೆ ಅಭಿನಯಿಸಿ ತೋರಿಸಿದಾಗ ನಾವಿಬ್ಬರೂ ನಕ್ಕು ನಕ್ಕು ಬಿಲ್ಲೆ ಬಿದ್ದದ್ದನ್ನೂ ನೋಡಲಿಲ್ಲ.

ಮುಂದಿನದನ್ನು ಹೇಳುವಾಗ ನಗು ಇರಲಿಲ್ಲ. ಮಧ್ಯಾಹ್ನ ಸಮುದ್ರಸ್ನಾನ. ಅಲ್ಲಿ ಅಲೆಯೇ ಇಲ್ಲವಂತೆ, ಕೆರೆಯ ಹಾಗೆ ನಿಂತ ನೀರು. ಪುರೋಹಿತರು ದಡದಲ್ಲಿ ನಿಂತು ಮೂರು ಸಲ ಮುಳುಗಿ ಅಂದರು. ಅಕ್ಕನ ಒಂದು ಕೈ ತಾಯಿಯ ಕೈಯಲ್ಲಿತ್ತು, ಇನ್ನೊಂದರಲ್ಲಿ ತಮ್ಮನ ಮಗಳು. ಮೂರನೆಯ ಸಲ ಅಕ್ಕ ಇಬ್ಬರ ಕೈಯನ್ನೂ ಬಿಟ್ಟು ಮುಳುಗಿದವರು ಏಳಲಿಲ್ಲ. ತಾಯಿ ಕಿರುಚಿದರು, ತಮ್ಮ ಬಟ್ಟೆಯಲ್ಲೇ ನೀರಿಗೆ ಬಿದ್ದ, ಅವನಿಗೆ ಈಜು ಬರುತ್ತಿರಲಿಲ್ಲ. ಅವನನ್ನು ದೋಣಿಯವರು ಎಳೆದು ಹಾಕುವ ಹೊತ್ತಿಗೆ ಅಕ್ಕ ದೂರದಲ್ಲಿ ಒಂದು ದೋಣಿಯ ಮಗ್ಗುಲಿಗೆ ತಲೆ ಎತ್ತಿದರು.

"ಏನಿತ್ತಕ್ಕಾ ಒಳಗೆ?"

"ಏನಿರುತ್ತೆ. ಮರಳು ಕಲಕಿ ಕಣ್ಣೇ ಕಾಣ್ಲಿಲ್ಲ." ಬಿದ್ದಿದ್ದ ಬಿಲ್ಲೆಯನ್ನು ಎತ್ತಿದರು. "ಆದ್ರೆ ಯಾರೂ ಕರೀಲಿಲ್ಲ ಕಣೇ. ಅವರು ಕರೀತಾನೇ ಇದ್ರಂತೆ. ನಂಗೆ ಕೇಳಿಸ್ಲಿಲ್ಲ."

ಛತ್ರಕ್ಕೆ ಬಂದ ಮೇಲೆ ತಾಯಿ ಅಕ್ಕನ ಕೈಯನ್ನು ತಮ್ಮದೇ ನೆತ್ತಿಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದರಂತೆ, ಇನ್ನು ಮುಂದೆ ಮೊಣಕಾಲು ಮೀರಿದ ನೀರಿಗೆ ಇಳಿಯುವುದಿಲ್ಲ ಅಂತ. ಅಕ್ಕ ಮಾಡಿದರು. ಜೂನಿನಲ್ಲಿ ಸ್ಕೂಲು ಶುರುವಾದಾಗ ಆ ಮೂರು ಪುಸ್ತಿಕೆಗಳನ್ನು ಬಿಚ್ಚಿ ತಮ್ಮನ ಮಗಳ ಪುಸ್ತಕಗಳಿಗೆ ತಾವೇ ಬೈಂಡು ಹಾಕಿದರು. ಸಣ್ಣದು ಗಣಿತಕ್ಕೆ ಹೋಯಿತು.

ನಾನು ಮದುವೆಯಾಗಿ ತರೀಕೆರೆಯ ಎಕ್ಸ್‌ಚೇಂಜಿಗೆ ವರ್ಗವಾದೆ. ಆಮೇಲೆ ನಮ್ಮದು ಲೈನಿನ ಮೇಲಿನ ಸ್ನೇಹ. ನಾನು ತರೀಕೆರೆ, ಅವರು ಕಡೂರು, ನಡುವೆ ಯಾರಾದರೂ ಕಾಲ್ ಬುಕ್ ಮಾಡಿದರೆ ಅದು ಸಿಗುವ ತನಕ ನಮ್ಮ ಮಾತು. ಎಂಬತ್ತರ ದಶಕದ ನಡುವಿನಲ್ಲೊಂದು ಮೇ ತಿಂಗಳು, ಮಳೆಗೆ ಮುಂಚಿನ ಗುಡುಗು. ಎಲ್ಲೋ ಕಂಬಕ್ಕೆ ಹೊಡೆದ ಸಿಡಿಲು ತಂತಿಯಲ್ಲಿ ಹರಿದು ಅಕ್ಕನ ಹೆಡ್‌ಸೆಟ್ಟಿನಲ್ಲಿ ಸಿಡಿಯಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಎರಡು ಕಿವಿಯೂ ಹೋದವು ಅಂತ ಲೈನ್‌ಮನ್ ಹೇಳಿದ. ಡಾಕ್ಟರು ನೋಡಿದರು, ಇಲಾಖೆಯವರು ಬೋರ್ಡಿನಿಂದ ತೆಗೆದು ಹಿಂದಿನ ರೂಮಿನಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಹಾಕಿದರು. ಕಡೂರಿನ ಲೈನಿನಲ್ಲಿ ಬೇರೆ ಹುಡುಗಿಯ ಧ್ವನಿ ಬಂತು. ನಾನು ಅವತ್ತು ಹೆಡ್‌ಸೆಟ್ ತೆಗೆದಿಟ್ಟು ಅತ್ತೆ.

ನೋಡಲು ಹೋಗುವ ಹೊತ್ತಿಗೆ ವರ್ಷ ಕಳೆದಿತ್ತು. ತಾಯಿ ಆಗಲೇ ತೀರಿಕೊಂಡಿದ್ದರು. ಮನೆ ಹಾಗೇ ಇತ್ತು, ಮಕ್ಕಳ ಕೂಗಾಟ, ಒಳಗೆ ಮಿಕ್ಸಿ. ಅಕ್ಕ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಅವರ ಬೆನ್ನ ಹಿಂದೆಯೇ ಹುಡುಗನೊಬ್ಬ ಹಿತ್ತಾಳೆ ಕೊಡ ಬೀಳಿಸಿದ. ನಾನು ಹಾರಿಬಿದ್ದೆ. ಅಕ್ಕ ಕಣ್ಣು ಮಿಟುಕಿಸಲಿಲ್ಲ. ನನಗೆ ಸಂಕಟವಾಗಿ ಅವರ ಕಿವಿಯ ಹತ್ತಿರ ಬಾಯಿ ಇಟ್ಟು, "ಅಕ್ಕಾ, ನಾನು ಬಂದಿದ್ದೀನಿ" ಅಂತ ಕೂಗಿದೆ.

ಅಕ್ಕ ಸುತ್ತ ಒಮ್ಮೆ ನೋಡಿದರು. "ಮೆಲ್ಲಗೆ ಮಾತಾಡೇ. ಸಾಹುಕಾರ್ರ ಥರ ಕೂಗ್ತೀಯಲ್ಲ" ಅಂದರು.

ನನ್ನ ಬಾಯಿ ತೆರೆದೇ ಇತ್ತು. ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ, ತುಟಿ ಅಲ್ಲಾಡಿಸದ ಹಾಗೆ ಹೇಳುತ್ತ ಹೋದರು. ಸಿಡಿಲು ಹೊಡೆದಾಗ ನಿಜವಾಗಿಯೂ ಹೋಗಿತ್ತು. ಒಂದು ತಿಂಗಳು ಏನೂ ಇಲ್ಲ. ಮೊದಲು ಹೆದರಿಕೆಯಾಯಿತು, ಆಮೇಲೆ ಮನೆಯವರು ಕರೆದು ಕರೆದು ಸಾಕಾಗಿ ಕರೆಯುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಕಾಗೆ ಕೂಗಿದ್ದು ಕೇಳಿಸಿತು. "ಹೇಳ್ಬೇಕು ಅಂತ ಬಾಯಿ ತನಕ ಬಂತು ಕಣೇ. ಯಾಕೆ ಹೇಳ್ಬೇಕು ಅನ್ನಿಸ್ತು. ನಾಳೆ ಹೇಳಣ ಅಂದ್ಕೊಂಡೆ."

ನನಗೆ ನಗು, ಅಳು, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೇ ಬಂದವು. ಅಷ್ಟರಲ್ಲಿ ತಮ್ಮ ಕಾಫಿ ಹಿಡಿದುಕೊಂಡು ಬಂದ. ತಲೆಯೆಲ್ಲ ನರೆತಿತ್ತು. ಅಕ್ಕನ ಭುಜ ಮುಟ್ಟಿ ಲೋಟ ಕೈಗೆ ಕೊಟ್ಟ, ಅಲ್ಲೇ ಮೆಟ್ಟಿಲ ಮೇಲೆ ಕೂತ. ನನ್ನ ಕಡೆ ತಿರುಗಿ, ಪಕ್ಕದಲ್ಲಿ ಯಾರೂ ಇಲ್ಲವೇನೋ ಎಂಬ ಹಾಗೆ ಮಾತಾಡತೊಡಗಿದ.

"ನೋಡ್ರೀ, ಇವಳಿಗೆ ಕೇಳಿಸಲ್ಲ ಅಂತ ಹೇಳ್ತೀನಿ. ಇವಳಿಗೆ ಒಳ್ಳೊಳ್ಳೆ ಸಂಬಂಧ ಬಂದಿದ್ವು. ಶಿವಮೊಗ್ಗದ ಮೇಷ್ಟ್ರು ಒಬ್ಬರು ಮನೇಗೇ ಬಂದಿದ್ರು. ಜಾತಕ ಕೂಡಲ್ಲ ಅಂತ ನಾನೇ ಸುಳ್ಳು ಹೇಳಿ ಕಳಿಸ್ದೆ. ಇವಳು ಹೋದ್ರೆ ನಮ್ಮ ಗತಿ ಏನು ಅಂತ. ಅಮ್ಮನಿಗೂ ಗೊತ್ತಿತ್ತು." ಅವನು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಇವಳ ಅನ್ನ ತಿಂದು ಬದುಕಿದೋನು ನಾನು. ಒಂದು ಸಲ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನೋಣ ಅಂದ್ರೆ ಮುಖ ಇಲ್ಲ."

ನಾನು ಅಕ್ಕನ ಕಡೆ ನೋಡಲಾರದೆ ನೋಡಿದೆ. ಅವರು ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದರು. ಒಳಗಿನಿಂದ ಯಾರೋ ಕರೆದರು, ತಮ್ಮ ಎದ್ದು ಹೋದ.

"ಕೇಳಿಸ್ತಾ ಅಕ್ಕಾ?" ಅಂತ ಪಿಸುಗುಟ್ಟಿದೆ.

"ಬಂದೋರಿಗೆಲ್ಲ ಹೇಳ್ತಾನೆ ಕಣೇ. ಯಾರೂ ಬರ್ದಿದ್ರೆ ಒಬ್ಬನೇ ನನ್ನ ಮುಂದೆ ಕೂತ್ಕೊಂಡು ಹೇಳ್ತಾನೆ."

"ನೀವು ಈಗ್ಲಾದ್ರೂ ಹೇಳ್ಬಿಡಿ. ಅಮ್ಮನೂ ಇಲ್ಲ, ಆಣೆನೂ ಇಲ್ಲ. ರಜ ಹಾಕಿ ಎಲ್ಲಾದ್ರೂ ಹೋಗಣ. ನಾನೂ ಬರ್ತೀನಿ."

ಅಕ್ಕ ಖಾಲಿ ಲೋಟವನ್ನು ಕೆಳಗಿಟ್ಟು ಮತ್ತೆ ಅವರೆಕಾಯಿ ಕೈಗೆ ತೆಗೆದುಕೊಂಡರು.

"ಕಿವಿ ಬಂತು ಅಂತ ಗೊತ್ತಾದ್ರೆ ಅವನು ನೇಣು ಹಾಕ್ಕೊಳ್ತಾನೆ. ಹೇಗೇ ಹೇಳ್ಲಿ?"

ಒಳಗಿನಿಂದ ತಮ್ಮ, ಅಭ್ಯಾಸ ಬಲವೋ ಏನೋ, "ಅಕ್ಕಾ" ಅಂತ ಕರೆದ. ಅವರು ತಿರುಗಲಿಲ್ಲ.